ಬಿಚ್ಚೋ ಸಾಮಾನು ಬೇರೆ, ಕಟ್ಟೋ ಸಾಮಾನು ಬೇರೆ

ಮನೆಯ ಗ್ಯಾರೇಜಿನಲ್ಲಿ ಕಾರು ಕಟ್ಟುತ್ತಿದ್ದೇನೆ ಅಂತ ಊರಿನವರಿಗೆ ಹೇಳಿದರೆ ಮೊದಲು ಬರುವ ಪ್ರಶ್ನೆ ಒಂದೇ: "ವೆಲ್ಡಿಂಗ್ ಮಷೀನ್ ಇಟ್ಕೊಂಡಿದ್ದೀಯಾ?" ಇಲ್ಲ. ಲೇತ್ ಇಲ್ಲ. ಕಂಪ್ರೆಸರ್ ಇಲ್ಲ. ಕಾರನ್ನು ಮೇಲೆತ್ತುವ ಲಿಫ್ಟ್ ಹಾಕಿಸೋಣ ಅಂದರೆ ಗ್ಯಾರೇಜಿನ ಸೂರು ನನ್ನ ಕೈಗೇ ಎಟುಕುತ್ತದೆ. "ಹಾಗಾದ್ರೆ ಏನಿಟ್ಕೊಂಡು ಕಟ್ತೀಯಾ ಮಾರಾಯ?" ಅನ್ನುವುದು ಎರಡನೇ ಪ್ರಶ್ನೆ. ಅದಕ್ಕೆ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ನಾನಿರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ. ಈ ದೇಶದಲ್ಲಿ ಕಿಟ್ ಕಾರು ಅನ್ನುವುದು ಹಳೇ ಹುಚ್ಚು. ಚಾಸಿ, ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಶನ್, ವೈರಿಂಗ್, ಸೀಟು, ಕೊನೆಗೆ ನಟ್ಟು ಬೋಲ್ಟಿನ ಪೊಟ್ಟಣಗಳವರೆಗೆ ಎಲ್ಲವನ್ನೂ ಪೆಟ್ಟಿಗೆಗಳಲ್ಲಿ ತುಂಬಿ ಮನೆ ಮುಂದೆ ಇಳಿಸಿ ಹೋಗುತ್ತಾರೆ. ಆಮೇಲೆ ನಿಮ್ಮ ಪಾಡು ನಿಮಗೆ. ನಾನು ಕಟ್ಟುತ್ತಿರುವುದು ಸೆವೆನ್. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ತಂದ ಎರಡು ಸೀಟಿನ ಕಾರಿನ ವಂಶದ್ದು. ಆಗ ಬ್ರಿಟನ್ನಿನಲ್ಲಿ ಕಟ್ಟಿ ಮುಗಿಸಿದ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಬೀಳುತ್ತಿತ್ತು. ಬಿಡಿಭಾಗ ಕೊಂಡು ನೀವೇ ಜೋಡಿಸಿಕೊಂಡರೆ ಬೀಳುತ್ತಿರಲಿಲ್ಲ. ಆದರೆ ಜೋಡಿಸುವುದು ಹೇಗೆ ಅಂತ ಹೇಳುವ ಪುಸ್ತಕವನ್ನು ಜೊತೆಗೆ ಕೊಡುವ ಹಾಗಿಲ್ಲ. ಅದಕ್ಕೆ ಲೋಟಸ್‌ನವರು ಬಿಚ್ಚುವುದು ಹೇಗೆ ಅಂತ ಬರೆದು ಕೊಟ್ಟರಂತೆ. ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡು ಕಾರು ಕಟ್ಟಿದರಂತೆ. ತೆರಿಗೆ ಉಳಿಸೋಕೆ ಹುಟ್ಟಿದ ಹವ್ಯಾಸ ಅಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? 1973ರಲ್ಲಿ ಪರ್ಚೇಸ್ ಟ್ಯಾಕ್ಸ್ ಹೋಗಿ ವ್ಯಾಟ್ ಬಂತು. ಸೆವೆನ್ ಕಟ್ಟುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಗಿದ್ದೂ ಆ ವರ್ಷವೇ. ತೆರಿಗೆಯ ಲಾಭ ಹೋದರೂ ಜನ ಮನೆಯಲ್ಲಿ ಕಟ್ಟುವುದನ್ನು ಬಿಡಲಿಲ್ಲ.

ಕಾರು ಎಷ್ಟು ದೊಡ್ಡದು ಅಂತ ಕೇಳುತ್ತೀರಿ. ಉದ್ದ ಸುಮಾರು 3.1 ಮೀಟರ್, ಅಗಲ 1.6 ಮೀಟರಿಗೂ ಕಡಿಮೆ, ತೂಕ ಐನೂರು ಚಿಲ್ಲರೆ ಕಿಲೋ. ನಮ್ಮ ಮಾರುತಿ 800ಕ್ಕಿಂತ ಗಿಡ್ಡ, ಅದಕ್ಕಿಂತ ಹಗುರ. ಹಾಗಾಗಿಯೇ ಇಲ್ಲಿನ ಒಂಟಿ ಗ್ಯಾರೇಜಿನಲ್ಲಿ ಕಾರೂ ಹಿಡಿಸುತ್ತದೆ, ಅದರ ಸುತ್ತ ಒಬ್ಬ ಮನುಷ್ಯ ಅಡ್ಡಡ್ಡ ನಡೆದಾಡುವಷ್ಟು ಜಾಗವೂ ಉಳಿಯುತ್ತದೆ.

ಇನ್ನು ಟೂಲ್ಸ್ ವಿಷಯ. ಬೆಂಗಳೂರಿನ ಜೆ.ಸಿ. ರೋಡು, ಊರಿನ ಬಸ್ ಸ್ಟ್ಯಾಂಡ್ ಪಕ್ಕದ ಗ್ಯಾರೇಜು ನೋಡಿ ಬೆಳೆದವರಿಗೆ ಮೆಕ್ಯಾನಿಕ್ ಅಂದ ತಕ್ಷಣ ಕಣ್ಣಿಗೆ ಬರುವುದು ಏನು? ಸ್ಪ್ಯಾನರಿಗೆ ಪೈಪು ತೂರಿಸಿ ಇಬ್ಬರು ಜಗ್ಗುವುದು. ಸುತ್ತಿಗೆ, ಉಳಿ, ಗ್ಯಾಸ್ ಕಟರ್. ತುಕ್ಕು ಹಿಡಿದ ನಟ್ಟಿಗೆ ಡೀಸೆಲ್ ಸುರಿದು ರಾತ್ರಿಯೆಲ್ಲ ಬಿಡುವುದು. ಇವೆಲ್ಲ ಬಿಚ್ಚುವ ಕೆಲಸದ ಸಾಮಾನು. ರಿಪೇರಿ ಅಂದರೆ ಮುಕ್ಕಾಲು ಪಾಲು ಬಿಚ್ಚುವುದೇ. ಹೊಸ ಕಿಟ್ಟಿನಲ್ಲಿ ಬಿಚ್ಚುವುದಕ್ಕೆ ಏನೂ ಇಲ್ಲ. ಬೋಲ್ಟೂ ಹೊಸದು, ರಂಧ್ರವೂ ಹೊಸದು. ಬಲ ಹಾಕಬೇಕಾದ ಜಾಗ ತೀರಾ ಕಡಿಮೆ. ಹಾಕಲೇಬೇಕು ಅನ್ನಿಸಿದರೆ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ. ಕಟ್ಟುವವನಿಗೆ ಬೇಕಾದ್ದು ಎರಡೇ ಜಾತಿಯ ಸಾಮಾನು. ಒಂದು, ಕೈ ಹೋಗದ ಸಂದಿಗೆ ಹೋಗುವಂಥದ್ದು. ಇನ್ನೊಂದು, ಇಷ್ಟು ಸಾಕು ನಿಲ್ಲಿಸು ಅಂತ ಹೇಳುವಂಥದ್ದು. ಜನ ಮೊದಲನೆಯದಕ್ಕೆ ದುಡ್ಡು ಸುರಿಯುತ್ತಾರೆ. ನನ್ನನ್ನು ಕೇಳಿದರೆ ಎರಡನೆಯದಕ್ಕೆ ಸುರಿಯಬೇಕು.

ನನ್ನ ಸೋದರಮಾವ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಪೆಟ್ಟಿಗೆಗಳು ಬಂದ ದಿನ ವಿಡಿಯೋ ಕಾಲ್ ಮಾಡಿ ಹೆಮ್ಮೆಯಿಂದ ತೋರಿಸಿದರೆ ಅವರಿಗೆ ಒಂಚೂರೂ ಆಶ್ಚರ್ಯವಾಗಲಿಲ್ಲ. "ನಾವೂ ಹಿಂಗೇ ಕಣೋ ಕಟ್ಟಿದ್ದು, ಜಾಗ್ವಾರ್ ವಿಮಾನಾನ. ನಿಮ್ ಇಂಗ್ಲೆಂಡಿಂದ್ಲೇ ಪೆಟ್ಟಿಗೇಲಿ ಬರ್ತಿತ್ತು" ಅಂದರು. ನಿಜ. 1980ರ ದಶಕದ ಶುರುವಿನಲ್ಲಿ ಎಚ್‌ಎಎಲ್ ಬೆಂಗಳೂರಿನಲ್ಲಿ ಮೊದಮೊದಲ ಜಾಗ್ವಾರ್‌ಗಳನ್ನು ಬ್ರಿಟನ್ನಿನಿಂದ ಬಂದ ಕಿಟ್‌ಗಳಿಂದಲೇ ಜೋಡಿಸಿದ್ದು. ಯಾವ ಸ್ಪ್ಯಾನರ್ ಸೆಟ್ ತಗೊಳ್ಳಲಿ ಮಾವ ಅಂತ ಕೇಳಿದೆ. "ಸ್ಪ್ಯಾನರ್ ಆಮೇಲೆ. ಮೊದ್ಲು ಟ್ರೇ ತಗೋ" ಅಂದರು.

ಮೊದಲು ತಮಾಷೆ ಅಂದುಕೊಂಡೆ. ಆದರೆ ವಿಮಾನ ಕಟ್ಟುವ ಕಡೆ ಇದೇ ನಿಯಮವಂತೆ. ಪ್ರತಿ ಟೂಲಿಗೂ ಬೋರ್ಡಿನ ಮೇಲೆ ಅದರದೇ ಆಕಾರದ ಗುರುತು ಇರುತ್ತದೆ. ಪ್ಯಾನೆಲ್ ಮುಚ್ಚುವ ಮುಂಚೆ ಬೋರ್ಡಿನಲ್ಲಿ ಒಂದು ಜಾಗ ಖಾಲಿ ಕಂಡರೂ ಕೆಲಸ ನಿಂತಿತು. ಆ ಸ್ಪ್ಯಾನರ್ ಸಿಗುವವರೆಗೆ ವಿಮಾನ ಅಲ್ಲಾಡುವ ಹಾಗಿಲ್ಲ. ಕಾರಿನಲ್ಲಿ ಅಷ್ಟು ಮಡಿ ಬೇಡ, ಸರಿ. ಆದರೂ ಸೆವೆನ್‌ನ ನಡುವೆ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ದಂಡ, ಓಡುವ ಸುರಂಗವೊಂದಿದೆ. ಅದರೊಳಗೆ ಬಿದ್ದ ವಾಷರ್ ಹುಡುಕುವುದಕ್ಕೆ ಒಂದು ಸಂಜೆ ಸಾಲದು. ಹಾಗಾಗಿ ಟ್ರೇ. ಅಡಿಯಲ್ಲಿ ಆಯಸ್ಕಾಂತ ಇರುವ ಸ್ಟೀಲ್ ಬಟ್ಟಲುಗಳು ಇಲ್ಲಿ ಅಗ್ಗಕ್ಕೆ ಸಿಗುತ್ತವೆ. ಸಣ್ಣ ತಿರುಪುಗಳಿಗೆ ಅಡುಗೆಮನೆಯಿಂದ ನಿವೃತ್ತಿಯಾದ ಇಡ್ಲಿ ತಟ್ಟೆ ಬಂದಿದೆ. ಒಂದೊಂದು ಗುಳಿಯಲ್ಲಿ ಒಂದೊಂದು ಅಳತೆ. ಉದ್ದ ಕಡ್ಡಿಯ ತುದಿಯಲ್ಲಿ ಆಯಸ್ಕಾಂತ ಇರುವ ಸಾಮಾನೊಂದು ಮೊದಲ ದಿನದಿಂದ ಜೇಬಿನಲ್ಲಿದೆ. ಟ್ರೇಗಿಂತಲೂ ಮೊದಲು ಬೇಕಾದ್ದು ಬೆಳಕು ಅಂತ ನಾನು ಸೇರಿಸುತ್ತೇನೆ. ನವೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು. ಸೂರಿಗೆ ಎರಡು ಉದ್ದದ ಎಲ್‌ಇಡಿ ದೀಪ, ಹಣೆಗೊಂದು ಟಾರ್ಚು. ಇಷ್ಟಿಲ್ಲದಿದ್ದರೆ ಯಾವ ಸ್ಪ್ಯಾನರೂ ಕೆಲಸಕ್ಕೆ ಬಾರದು.

ಸ್ಪ್ಯಾನರ್ ವಿಷಯಕ್ಕೆ ಬಂದರೆ ಸೆವೆನ್‌ನಂಥ ಬ್ರಿಟಿಷ್ ಕಿಟ್‌ಗಳಲ್ಲಿ ಒಂದು ಪೀಕಲಾಟ ಇದೆ. ಎಂಜಿನ್ ಕಡೆಯದು ಎಂಎಂ, ಸಸ್ಪೆನ್ಶನ್ ಕಡೆಯ ಸುಮಾರು ಬೋಲ್ಟುಗಳು ಇಂಚು. ಒಂದೇ ಕಾರಿನಲ್ಲಿ ಎರಡು ಕಾಲ. ಅರ್ಧ ಇಂಚಿನ ತಲೆ ಅಂದರೆ 12.7 ಎಂಎಂ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತ ಹಾಗೆ ಅನ್ನಿಸುತ್ತದೆ, ಬಿಗಿ ಮಾಡುವಾಗ ಜಾರಿ ಮೂಲೆ ತಿನ್ನುತ್ತದೆ. ಮುಕ್ಕಾಲು ಇಂಚಿಗೆ 19 ನಡೆಯುತ್ತದೆ, ಯಾಕೆಂದರೆ ವ್ಯತ್ಯಾಸ 0.05 ಎಂಎಂ ಅಷ್ಟೇ. 9/16 ಇಂಚು ಮಾತ್ರ ತೀರಾ ತರಲೆ. 14.29 ಎಂಎಂ ಬರುತ್ತದೆ. 14 ಒಳಗೆ ಹೋಗುವುದಿಲ್ಲ, 15 ಗಡಗಡ ಅಲ್ಲಾಡುತ್ತದೆ. ಎರಡೂ ಸೆಟ್ಟು ಇಟ್ಟುಕೊಳ್ಳದೆ ವಿಧಿಯಿಲ್ಲ.

ಇಂಚಿನ ಸೆಟ್ಟು ನಾನು ಕೊಳ್ಳಲಿಲ್ಲ. ಮಾವನ ಹತ್ತಿರ ಅಂಬಾಸಿಡರ್ ಕಾಲದ ರಿಂಗ್ ಸ್ಪ್ಯಾನರ್‌ಗಳಿದ್ದವು. ಅಂಬಾಸಿಡರ್ ಅಂದರೆ ಇಲ್ಲಿನ ಮಾರಿಸ್ ಆಕ್ಸ್‌ಫರ್ಡ್ ತಾನೆ? ಆ ಕಾರಿನ ಬೋಲ್ಟುಗಳೂ ಇಂಚಿನವೇ. ಆ ಸೆಟ್ಟು ಚೆಕ್ ಇನ್ ಸೂಟ್‌ಕೇಸಿನಲ್ಲಿ, ಟವೆಲ್ಲಿನಲ್ಲಿ ಸುತ್ತಿಸಿಕೊಂಡು, ಚಟ್ನಿಪುಡಿ ಪಕ್ಕದಲ್ಲಿ ಕೂತು ಬಂತು. ಎಂಎಂ ಸೆಟ್ಟು ಇಲ್ಲೇ ತಗೊಂಡೆ. ಅರ್ಧ ಇಂಚು ಮತ್ತು 3/8 ಇಂಚಿನ ರಾಚೆಟ್ (ಒಂದೇ ದಿಕ್ಕಿಗೆ ಬಿಗಿದು, ವಾಪಸ್ ಬರುವಾಗ ಸುಮ್ಮನೆ ಜಾರುವ ಹಿಡಿ; ಇಂಚು ಅನ್ನುವುದು ಸಾಕೆಟ್ ಸಿಕ್ಕಿಸುವ ಚೌಕದ ಅಳತೆ, ಬೋಲ್ಟಿನದಲ್ಲ), ಸಾಕೆಟ್‌ಗಳು, ಉದ್ದ ಗಿಡ್ಡ ಎಕ್ಸ್‌ಟೆನ್ಶನ್, ಎಲ್ ಕೀ, ತಲೆಯಲ್ಲಿ ರಾಚೆಟ್ ಇರುವ ರಿಂಗ್ ಸ್ಪ್ಯಾನರ್‌ಗಳು. ಈ ಕೊನೆಯದಕ್ಕೆ ಕೊಟ್ಟ ಒಂದೊಂದು ಪೌಂಡೂ ವಸೂಲಿ. ಚಾಸಿಯ ಪೈಪುಗಳ ನಡುವೆ ಸ್ಪ್ಯಾನರ್ ಆಡುವುದಕ್ಕೆ ಬೆರಳಗಲ ಜಾಗ ಇರುತ್ತದೆ. ಸಾದಾ ಸ್ಪ್ಯಾನರ್ ಆದರೆ ಹಾಕು, ತೆಗೆ, ತಿರುಗಿಸಿ ಹಾಕು. ಒಂದು ನಟ್ಟಿಗೆ ಒಂದು ಹಾಡು ಮುಗಿಯುತ್ತದೆ. ಅಂದಹಾಗೆ, ಸೀಟ್ ಬೆಲ್ಟಿನ ಬೋಲ್ಟು ಮಾತ್ರ ಜಗತ್ತಿನ ಹೆಚ್ಚುಕಮ್ಮಿ ಎಲ್ಲ ಕಾರುಗಳಲ್ಲೂ ಇವತ್ತಿಗೂ ಇಂಚಿನದೇ, ಯುಎನ್‌ಎಫ್ ಅನ್ನುವ ಇಂಚಿನ ಲೆಕ್ಕದಲ್ಲಿ 7/16.

ಸುಮ್ನೆ ಪಟ್ಟಿ ಓದಿದರೆ ಗೊತ್ತಾಗದ ಒಂದು ಸಾಮಾನು ಟ್ಯಾಪ್. ನಲ್ಲಿಯಲ್ಲ, ಮರೆ ಕೊರೆಯುವ ಟ್ಯಾಪ್. ಮರೆ ಅಂದರೆ ಬೋಲ್ಟಿನ ಮೈಮೇಲೂ ಅದು ಕೂರುವ ರಂಧ್ರದೊಳಗೂ ಇರುವ ಸುರುಳಿ ಗೀರು. ಚಾಸಿಗೆ ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ ಹಾಕಿ ಬೇಯಿಸಿದ ಲೇಪ, ಮಾಡಿರುತ್ತಾರೆ. ಕಪ್ಪಗೆ ಮಿರಮಿರ ಮಿಂಚುತ್ತದೆ, ಸರಿ. ಆ ಪೌಡರ್ ಬೋಲ್ಟಿನ ರಂಧ್ರದೊಳಕ್ಕೂ, ಮರೆಯೊಳಕ್ಕೂ ಹೋಗಿ ಬೆಂದು ಕೂತಿರುತ್ತದೆ. ಬೋಲ್ಟು ಅರ್ಧ ಹೋಗಿ ನಿಲ್ಲುತ್ತದೆ. ಸುತ್ತಿಗೆ ಎತ್ತಿಕೊಳ್ಳಬೇಕು ಅನ್ನಿಸುವುದು ಇಲ್ಲೇ. ಎತ್ತಬಾರದು. ಮರೆ ಇದ್ದರೆ ಅದೇ ಅಳತೆಯ ಟ್ಯಾಪನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಬೇಕು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕಪ್ಪು ಪುಡಿ ಉದುರುತ್ತದೆ, ಒಳಗೆ ಬಿಳಿ ಲೋಹ ಕಾಣುತ್ತದೆ. ಸಾದಾ ರಂಧ್ರವಾದರೆ ಸಣ್ಣ ಗುಂಡು ಅರ ಅಥವಾ ಸರಿ ಅಳತೆಯ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ಹಿಡಿದು ತಿರುಗಿಸಿದರೆ ಸಾಕು. ಆಮೇಲೆ ಬೋಲ್ಟು ಹೆಬ್ಬೆರಳಿನ ಒತ್ತಿಗೇ ಒಳಗೆ ಹೋಗುತ್ತದೆ.

ಇಂಥ ತಾಳ್ಮೆಯ ಕೆಲಸಕ್ಕೆಲ್ಲ ಹಿರಿಯಣ್ಣ ಡಿಫರೆನ್ಶಿಯಲ್, ಅಂದರೆ ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರಿನ ಗಂಟು. ಸೆವೆನ್ ಕಟ್ಟಿದ ಯಾರನ್ನೇ ಕೇಳಿ, ಮುಖ ಕಿವುಚುತ್ತಾರೆ. ಹಿಂದಿನ ಚಕ್ರಗಳ ನಡುವೆ ಅದನ್ನು ಉದ್ದ ಬೋಲ್ಟಿನಿಂದ ತೂಗುಹಾಕಬೇಕು, ಎರಡೂ ಪಕ್ಕ ವಾಷರ್ ತುಂಬಿ ಸರಿಯಾಗಿ ನಡುವಿಗೆ ತರಬೇಕು. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಅಳೆಯುವುದಕ್ಕೆ ಡಿಜಿಟಲ್ ಕ್ಯಾಲಿಪರ್ ಬೇಕೇ ಬೇಕು. ಟೇಪಿನಿಂದ ಆಗುವುದಿಲ್ಲ. ಅಷ್ಟು ಭಾರದ ಗಂಟನ್ನು ಕೆಳಗಿನಿಂದ ಟ್ರಾಲಿ ಜ್ಯಾಕ್ ಮೇಲೆ ಹಲಗೆ ಇಟ್ಟು ಹಿಡಿದುಕೊಂಡು, ಕೂದಲೆಳೆ ಸಂದಿಗೆ ವಾಷರ್ ತೂರಿಸಬೇಕು. ವಾಷರನ್ನು ತೆಳು ತಗಡಿನ ಪಟ್ಟಿಗೆ ಟೇಪಿನಲ್ಲಿ ಅಂಟಿಸಿ ಒಳಗೆ ಬಿಡುವುದು ಇಲ್ಲಿನವರ ಉಪಾಯ. ಬೋಲ್ಟಿನ ತುದಿ ಹಿಡಿದ ಮೇಲೆ ಪಟ್ಟಿ ಎಳೆದುಕೊಂಡರೆ ಆಯಿತು. ಈ ಟೂಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಳೇ ಬಿಸ್ಕತ್ ಡಬ್ಬಿಯಲ್ಲಿ ಸಿಗುತ್ತದೆ.

ಒಂದೇ ಒಂದು ಟೂಲಿಗೆ ಒಳ್ಳೇ ದುಡ್ಡು ಕೊಡಿ ಅಂದರೆ ನಾನು ಟಾರ್ಕ್ ರೆಂಚ್ ಅನ್ನುತ್ತೇನೆ. ಬೇಕಾದ ಬಿಗಿಯ ಅಂಕಿ ಅದರಲ್ಲಿ ಇಟ್ಟರೆ, ಅಷ್ಟಕ್ಕೆ ಬಂದ ತಕ್ಷಣ ಟಿಕ್ ಅನ್ನುತ್ತದೆ. ಒಂದಲ್ಲ, ಎರಡು. ಸಣ್ಣ ಬೋಲ್ಟುಗಳಿಗೆ 3/8 ಇಂಚಿನದು, ಚಕ್ರ ಸಸ್ಪೆನ್ಶನ್‌ಗಳಿಗೆ ಅರ್ಧ ಇಂಚಿನದು. ದೊಡ್ಡದರಲ್ಲೇ ಎಲ್ಲ ಮಾಡೋಣ ಅಂದರೆ ಆಗದು. ಅಳತೆಯ ಕೆಳತುದಿಯಲ್ಲಿ ಈ ರೆಂಚುಗಳ ಮಾತು ಅಷ್ಟಾಗಿ ನಂಬುವಂಥದ್ದಲ್ಲ.

ನಮ್ಮ ಗ್ಯಾರೇಜುಗಳಲ್ಲಿ ಕೈ ಅಂದಾಜೇ ಟಾರ್ಕ್ ರೆಂಚ್. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈಯ ಅಂದಾಜನ್ನು ನಾನು ಹಗುರ ಮಾಡುವುದಿಲ್ಲ. ನನ್ನ ಕೈ ಹಿಡಿದಿರುವುದು ಕೀಬೋರ್ಡು. ಅದಕ್ಕಿಂತ ಮುಖ್ಯವಾಗಿ, ಬೋಲ್ಟ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದ ಮೇಲೆ ಅಂದಾಜಿನ ಮೇಲೆ ನಂಬಿಕೆ ಹೋಗುತ್ತದೆ. ಬಿಗಿ ಮಾಡಿದಾಗ ಬೋಲ್ಟು ಒಂಚೂರು ಹಿಗ್ಗುತ್ತದೆ. ಹಿಗ್ಗಿದ್ದು ವಾಪಸ್ ಕುಗ್ಗೋಕೆ ನೋಡುತ್ತದಲ್ಲ, ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಕಡಿಮೆ ಹಿಗ್ಗಿದರೆ ಸಡಿಲವಾಗುತ್ತದೆ. ಜಾಸ್ತಿ ಹಿಗ್ಗಿದರೆ ಕುಗ್ಗುವ ಗುಣವೇ ಹೋಗಿ ಒಂದು ದಿನ ತುಂಡಾಗುತ್ತದೆ. ಇದರಲ್ಲಿ ಕೈಗೆ ಸಿಗದ ಸಂಗತಿ ಏನು ಅಂದರೆ, ನಾವು ಹಾಕುವ ಬಲದಲ್ಲಿ ಬೋಲ್ಟನ್ನು ಹಿಗ್ಗಿಸುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಅರ್ಧದಷ್ಟು ಬೋಲ್ಟಿನ ತಲೆಯ ಅಡಿಯ ಉಜ್ಜಾಟಕ್ಕೆ ಹೋಗುತ್ತದೆ, ಉಳಿದದ್ದು ಮರೆಯ ಉಜ್ಜಾಟಕ್ಕೆ. ಮರೆಗೆ ಎಣ್ಣೆ ಸವರಿದಿರಿ ಅಂದುಕೊಳ್ಳಿ. ಉಜ್ಜಾಟ ತಗ್ಗುತ್ತದೆ, ರೆಂಚಿನಲ್ಲಿ ಅದೇ ಅಂಕಿ ಇಟ್ಟರೂ ಬೋಲ್ಟು ಬೇಕಾದ್ದಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಅದಕ್ಕೇ ಪುಸ್ತಕದಲ್ಲಿ ಒಣ ಮರೆಗೋ ಎಣ್ಣೆ ಮರೆಗೋ ಅಂತ ನೋಡಿಕೊಂಡು ರೆಂಚ್ ಕೈಗೆತ್ತಿಕೊಳ್ಳಬೇಕು.

ಇನ್ನೊಂದು ಗುಂಡಿ ಇದೆ. ಇಲ್ಲಿನ ಹಳಬರು ಪೌಂಡ್ ಅಡಿ ಲೆಕ್ಕದಲ್ಲಿ ಮಾತಾಡುತ್ತಾರೆ, ಹೊಸ ಕೈಪಿಡಿಗಳು ನ್ಯೂಟನ್ ಮೀಟರ್. ರೆಂಚಿನ ಮೇಲೆ ಎರಡೂ ಗೀಟು ಅಕ್ಕಪಕ್ಕ ಇರುತ್ತವೆ. ಒಂದು ಪೌಂಡ್ ಅಡಿ ಅಂದರೆ 1.356 ನ್ಯೂಟನ್ ಮೀಟರ್. 40 ನ್ಯೂಟನ್ ಮೀಟರ್ ಇಡಬೇಕಾದಲ್ಲಿ ಪೌಂಡಿನ ಗೀಟು ನೋಡಿ 40 ಇಟ್ಟರೆ 54 ಬೀಳುತ್ತದೆ. ಅಲ್ಯೂಮಿನಿಯಂ ಒಳಗಿನ ಮರೆ ಕಿತ್ತು ಬರೋಕೆ ಅಷ್ಟು ಸಾಕು. ನಾನು ಪೌಂಡಿನ ಗೀಟಿನ ಮೇಲೆ ಟೇಪು ಅಂಟಿಸಿಬಿಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ರೆಂಚನ್ನು ಕೆಳಗಿನ ಅಂಕಿಗೆ ಇಳಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ದಣಿಯುತ್ತದೆ. ಅದರಿಂದ ನಟ್ಟು ಬಿಚ್ಚಬಾರದು. ಟಿಕ್ ಅಂದ ಮೇಲೆ ಇನ್ನೊಂದು ಸಲ ಟಿಕ್ ಅನ್ನಿಸುವ ಚಟವೂ ಬೇಡ.

ಟಾರ್ಕ್ ರೆಂಚಿನ ಜೊತೆಗೇ ಬೇಕಾದ್ದು ಒಂದು ಹಳದಿ ಪೇಂಟ್ ಪೆನ್ನು. ಬಿಗಿ ಮುಗಿದ ತಕ್ಷಣ ನಟ್ಟಿನಿಂದ ಚಾಸಿಯವರೆಗೆ ಒಂದು ಗೀಟು. ನಟ್ಟು ಒಂಚೂರು ತಿರುಗಿದರೂ ಗೀಟು ಮುರಿದು ಕಾಣುತ್ತದೆ. ಆದರೆ ಅದರ ದೊಡ್ಡ ಉಪಯೋಗ ಬೇರೆಯೇ. ಸಂಜೆ ಎರಡು ಗಂಟೆ ಕೆಲಸ, ಆಮೇಲೆ ಆಫೀಸು, ಮಗಳ ಸ್ಕೂಲು, ನೆಂಟರು. ಮುಂದಿನ ವಾರ ಬಂದು ನೋಡಿದರೆ ಈ ಬೋಲ್ಟು ಪೂರ್ತಿ ಬಿಗಿ ಮಾಡಿದ್ದೆನಾ, ಬೆರಳಲ್ಲಿ ಬಿಟ್ಟಿದ್ದೆನಾ? ಸಸ್ಪೆನ್ಶನ್ನಿನ ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕಾರು ನೆಲಕ್ಕಿಳಿದು ತನ್ನ ಭಾರದಲ್ಲಿ ಕೂತ ಮೇಲೆಯೇ ಬಿಗಿ ಮಾಡಬೇಕು. ಅಲ್ಲಿಯವರೆಗೆ ತಿಂಗಳುಗಟ್ಟಲೆ ಅವು ಅರೆಬಿಗಿಯಲ್ಲೇ ಇರುತ್ತವೆ. ಹಳದಿ ಗೀಟು ಇದ್ದರೆ ಮುಗಿದದ್ದು, ಇಲ್ಲದಿದ್ದರೆ ಬಾಕಿ. ಗೀಟು ಎಳೆಯೋ ಪೆನ್ನು ಸದಾ ರೆಂಚಿನ ಡಬ್ಬಿಯೊಳಗೇ ಇರಬೇಕು ಅಂತ ಮಾವನ ಆಜ್ಞೆ. ಬೇರೆ ಕಡೆ ಇಟ್ಟರೆ ಒಂದು ಬೋಲ್ಟು ಬಿಗಿ ಮಾಡಿ, ಪೆನ್ನು ಹುಡುಕಿ, ಬಂದು ಪಕ್ಕದ ಬೋಲ್ಟಿಗೆ ಗೀಟು ಎಳೆಯುತ್ತೀಯ ಅನ್ನುತ್ತಾರೆ.

ಎಂಜಿನ್ ಇಳಿಸುವ ಕ್ರೇನ್ ಮಾತ್ರ ಕೊಳ್ಳಬೇಡಿ. ಬಾಡಿಗೆಗೆ ತನ್ನಿ, ಇಲ್ಲ ಯಾರಾದರೂ ಕಟ್ಟಿ ಮುಗಿಸಿದವರನ್ನು ಕೇಳಿ. ಅದು ಬೇಕಾಗುವುದು ಒಂದು ದಿನ, ಉಳಿದ ದಿನವೆಲ್ಲ ಅರ್ಧ ಗ್ಯಾರೇಜು ತಿನ್ನುತ್ತದೆ. ಒಂದು ಟನ್ ಅಂತ ಬರೆದಿದ್ದರೂ ಅದು ತೋಳು ಗಿಡ್ಡ ಇದ್ದಾಗಿನ ಮಾತು. ಪೂರ್ತಿ ಚಾಚಿದರೆ ಸಾಮಾನ್ಯವಾಗಿ ಕಾಲು ಟನ್ನಿಗೆ ಇಳಿಯುತ್ತದೆ. ಸೆವೆನ್‌ನಲ್ಲಿ ಎಂಜಿನ್ ಗೇರ್‌ಬಾಕ್ಸ್ ಎರಡನ್ನೂ ಮೊದಲೇ ಜೋಡಿಸಿ ಒಟ್ಟಿಗೆ ಇಳಿಸುತ್ತೇವೆ. ಗೇರ್‌ಬಾಕ್ಸಿನ ಬಾಲ ಕೆಳಕ್ಕೆ, ಎಂಜಿನ್ ಮೂತಿ ಮೇಲಕ್ಕೆ ಮಾಡಿಕೊಂಡು ಸುರಂಗದೊಳಕ್ಕೆ ನುಗ್ಗಿಸುತ್ತ, ಹಾಗೇ ನೇರ ಮಾಡುತ್ತ ಹೋಗಬೇಕು. ಬಾಡಿಗೆ ಮನೆಯ ಕಿರಿದು ಬಾಗಿಲಲ್ಲಿ ಗೋದ್ರೇಜ್ ಬೀರು ಒಳಗೆ ತಂದವರಿಗೆ ಈ ಕೆಲಸದ ಲಯ ಗೊತ್ತಿರುತ್ತದೆ. ಕ್ರೇನಿಗಿಂತ ಮುಖ್ಯ ಅದರ ಕೊಕ್ಕೆಗೆ ಸಿಕ್ಕಿಸುವ ಲೋಡ್ ಲೆವೆಲರ್. ಅದರ ಹಿಡಿ ತಿರುಗಿಸಿದರೆ ತೂಗುತ್ತಿರುವ ಎಂಜಿನ್ನಿನ ವಾಟ ಬದಲಾಗುತ್ತದೆ. ಬಾಲ ಬಗ್ಗಿಸಿದಾಗ ಗೇರ್‌ಬಾಕ್ಸ್ ಎಣ್ಣೆ ಹಿಂದಿನಿಂದ ಸೋರುತ್ತದೆ, ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಚಾಸಿಯ ಪೈಪುಗಳಿಗೆಲ್ಲ ರಟ್ಟು ಸುತ್ತಿ. ಮುಖ್ಯವಾಗಿ ಎರಡನೇ ಜೋಡಿ ಕಣ್ಣು ಬೇಕು. ನಮ್ಮನೆಯಲ್ಲಿ ಹೆಂಡತಿ ಕೆಳಗೆ ಕೂತು ಟಾರ್ಚ್ ಹಿಡಿದು "ಇಳಿಸಿ, ಇಳಿಸಿ, ನಿಲ್ಸಿ ಅಂದೆ" ಅಂತ ಹೇಳುತ್ತಿದ್ದಳು. ಅವಳ ಧ್ವನಿಗೆ ಕಾರಿನ ಎಂಜಿನ್ನೂ ಎದುರಾಡುವ ಪ್ರಶ್ನೆಯೇ ಬರಲಿಲ್ಲ. ಅದೇ ವಾರ ಆಯುಧಪೂಜೆ ಬಂತು. ಎಲ್ಲ ಟೂಲುಗಳಿಗೂ ಅರಿಶಿನ ಕುಂಕುಮ ಹಚ್ಚಿದೆವು. ಕ್ರೇನ್ ಬಾಡಿಗೆಯದ್ದಾದ್ದರಿಂದ ಅದಕ್ಕೆ ಬರೀ ಹೂವು.

ರಿವೆಟ್ ಕೆಲಸ ನನ್ನ ಕಿಟ್ಟಿನಲ್ಲಿ ಜಾಸ್ತಿ ಇಲ್ಲ, ದೊಡ್ಡ ಅಲ್ಯೂಮಿನಿಯಂ ಹಾಳೆಗಳನ್ನು ಕಂಪನಿಯವರೇ ಕೂರಿಸಿ ಕಳಿಸಿದ್ದಾರೆ. ಇದ್ದಷ್ಟಕ್ಕೆ ಕೈ ರಿವೆಟ್ ಗನ್ ಸಾಕು. 4.8 ಎಂಎಂ ರಿವೆಟ್ಟಿಗೆ 4.9 ಎಂಎಂ ಡ್ರಿಲ್ ಬಿಟ್, ಡ್ರಿಲ್ ಜಾರದಂತೆ ಮೊದಲು ಮಾಸ್ಕಿಂಗ್ ಟೇಪ್, ಅದರ ಮೇಲೆ ಸೆಂಟರ್ ಪಂಚ್. ಹಾಳೆಯನ್ನು ತಾತ್ಕಾಲಿಕವಾಗಿ ಹಿಡಿಯುವ ಕ್ಲೀಕೊ ಪಿನ್ನುಗಳನ್ನು ನೋಡಿ ಮಾವನಿಗೆ ಹಳೇ ಗೆಳೆಯರನ್ನು ಕಂಡಷ್ಟು ಖುಷಿ. ಒಂದೇ ಕಡೆಯಿಂದ ಎಳೆದು ಕೂರಿಸುವ ಪಾಪ್ ರಿವೆಟ್ ನೋಡಿ ಮಾತ್ರ ಮೂಗು ಮುರಿದರು. "ಅದು ರಿವೆಟ್ಟೇ ಅಲ್ಲ ಬಿಡು" ಅಂದರು. ವಿಮಾನದ ಗಟ್ಟಿ ರಿವೆಟ್ಟಿಗೆ ಒಬ್ಬ ಹೊರಗಿನಿಂದ ಗನ್ ಹಿಡಿದರೆ ಇನ್ನೊಬ್ಬ ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಆ ಕೆಲಸ ಮಾಡಿದವರಿಗೆ ಇದು ಮಕ್ಕಳಾಟವೇ ಸರಿ.

ವೈರಿಂಗಿಗೆ ಮಲ್ಟಿಮೀಟರ್ ಒಂದು, ವೈರಿನ ತುದಿಗೆ ಲೋಹದ ತುಂಡು ಒತ್ತಿ ಕೂರಿಸುವ ಒಳ್ಳೇ ರಾಚೆಟ್ ಕ್ರಿಂಪರ್ ಒಂದು. ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿ ಇನ್ಸುಲೇಶನ್ ಟೇಪ್ ಸುತ್ತುವ ನಮ್ಮ ಪದ್ಧತಿ ಇಲ್ಲಿ ಬೇಡ. ವೈರುಗಳೆಲ್ಲ ಸಿದ್ಧ ಕಟ್ಟಾಗಿ ಬರುತ್ತವೆ, ಸಿಕ್ಕಿಸುವುದಷ್ಟೇ ಕೆಲಸ. ದೀಪ ಉರಿಯದಿದ್ದರೆ ಮೊದಲು ಅರ್ತ್ ನೋಡಿ. ಮತ್ತದೇ ಪೌಡರ್ ಕೋಟಿಂಗ್. ಅದನ್ನು ಕೆರೆದು ಲೋಹಕ್ಕೆ ಲೋಹ ತಾಗಿಸದಿದ್ದರೆ ಕರೆಂಟು ವಾಪಸ್ ಹೋಗೋಕೆ ದಾರಿಯೇ ಇರುವುದಿಲ್ಲ. ಆಮೇಲೆ ಕೆರೆದ ಜಾಗಕ್ಕೆ ಗ್ರೀಸು ಸವರಿ, ಇಲ್ಲಾಂದ್ರೆ ಇಲ್ಲಿನ ಮಳೆಗೆ ತುಕ್ಕು ಗ್ಯಾರಂಟಿ.

ಸಾಮಾನನ್ನು ಕಚ್ಚಿ ಹಿಡಿಯುವ ವೈಸ್ ಒಂದು ಬೇಕು, ಅದನ್ನು ಹೊಸದು ತಗೊಳ್ಳಬೇಡಿ. ಶೆಫೀಲ್ಡಿನಲ್ಲಿ ಮಾಡಿದ ಹಳೇ ರೆಕಾರ್ಡ್ ವೈಸ್‌ಗಳು ಭಾನುವಾರದ ಹಳೇ ಸಾಮಾನಿನ ಸಂತೆಗಳಲ್ಲಿ ಸಿಗುತ್ತವೆ. ನನ್ನದು ಪಕ್ಕದ ಮನೆಯ ಅಜ್ಜನದು. ಬರ್ಮಿಂಗ್‌ಹ್ಯಾಮ್‌ನ ಲಾಂಗ್‌ಬ್ರಿಜ್ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 2005ರಲ್ಲಿ ಅದು ಮುಚ್ಚಿತು. ವೈಸನ್ನು ಕಡ ಅಂತ ಕೊಟ್ಟಿದ್ದಾರೆ, ಯಾವಾಗ ವಾಪಸ್ ಅಂತ ಇಬ್ಬರೂ ಮಾತಾಡಿಲ್ಲ.

ಊರಿಗೆ ಬಂದು ಇಂಥದ್ದೇ ಒಂದು ಕಟ್ಟಬಹುದಲ್ಲ ಅಂತ ಕೇಳಿದವರಿದ್ದಾರೆ. ಟೂಲ್ಸ್ ಎಸ್.ಪಿ. ರೋಡಿನಲ್ಲಿ ಎಲ್ಲ ಸಿಗುತ್ತವೆ, ಕೈಚಳಕಕ್ಕೂ ಬರ ಇಲ್ಲ. ತೊಡಕು ಕಾನೂನಿನದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟ ವಾಹನದ ಮೂಲ ವಿವರವನ್ನೇ ಮಾಲೀಕ ಬದಲಿಸುವ ಹಾಗಿಲ್ಲ. ಹೀಗಿರುವಾಗ ಮನೆಯಲ್ಲಿ ಹುಟ್ಟಿದ ಒಂಟಿ ಕಾರನ್ನು ತೆಗೆದುಕೊಂಡು ಆರ್‌ಟಿಒ ಮುಂದೆ ನಿಂತರೆ ಏನಾದೀತು, ನೀವೇ ಯೋಚಿಸಿ. ಇಲ್ಲಿ ಆ ಒಂಟಿ ಕಾರಿಗೇ ಅಂತ ಒಂದು ಪರೀಕ್ಷೆ ಇದೆ. ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್ ಅಂತ ಹೆಸರು, ಐವಿಎ ಅನ್ನುತ್ತಾರೆ. 2009ರಿಂದ ಹಳೇ ಎಸ್‌ವಿಎ ಪರೀಕ್ಷೆಯ ಜಾಗಕ್ಕೆ ಇದು ಬಂದಿದೆ. ಕಾರು ತಂದು ಸರ್ಕಾರಿ ಪರೀಕ್ಷಕರ ಮುಂದೆ ನಿಲ್ಲಿಸಬೇಕು. ನಾನೇ ಕಟ್ಟಿದ್ದು ಅನ್ನುವುದಕ್ಕೆ ಫೋಟೋ, ರಸೀದಿ ಎಲ್ಲ ಇಟ್ಟುಕೊಂಡಿರಬೇಕು. ಅದಕ್ಕೇ ಫೋನಿನ ಕ್ಯಾಮೆರಾವನ್ನೂ ಟೂಲುಗಳ ಪಟ್ಟಿಗೆ ಸೇರಿಸಿ.

ಬ್ರೇಕು, ಹೊಗೆ, ಶಬ್ದ, ಸ್ಪೀಡೋಮೀಟರ್ ಇವನ್ನೆಲ್ಲ ನೋಡುತ್ತಾರೆ ಅಂತ ಯಾರಾದರೂ ಊಹಿಸಬಹುದು. ಜನ ಫೇಲಾಗುವುದು ಚೂಪು ಅಂಚುಗಳಲ್ಲಿ. ಕಾರಿನ ಹೊರಮೈಗೆ 100 ಎಂಎಂ ವ್ಯಾಸದ ಗುಂಡು ತಾಗಿಸಿ ನೋಡುತ್ತಾರೆ. ಗುಂಡು ಮುಟ್ಟುವ ಕಡೆಯೆಲ್ಲ ಅಂಚು ದುಂಡಗಿರಬೇಕು, ಕಡೇಪಕ್ಷ 2.5 ಎಂಎಂ ತ್ರಿಜ್ಯದಷ್ಟು. ಒಳಗೆ ಡ್ಯಾಶ್‌ಬೋರ್ಡಿನ ಕಡೆ 165 ಎಂಎಂ ಗುಂಡು, ಅದು ತಲೆಯ ಲೆಕ್ಕ. ರಸ್ತೆಯಲ್ಲಿ ನಡೆಯುವವನಿಗೆ ಕಾರು ತಗುಲಿದರೆ ಕೊಯ್ಯಬಾರದು ಅನ್ನುವ ಯೋಚನೆ, ಒಪ್ಪತಕ್ಕದ್ದೇ. ಸೆವೆನ್ ಮೈತುಂಬ ಬ್ರಾಕೆಟ್ಟು, ಬೋಲ್ಟಿನ ತಲೆ, ತಗಡಿನ ಅಂಚು. ಕೆಲವಕ್ಕೆ ರಬ್ಬರ್ ಅಂಚುಪಟ್ಟಿ, ಕೆಲವಕ್ಕೆ ಪ್ಲಾಸ್ಟಿಕ್ ಟೋಪಿ. ಉಳಿದಿದ್ದಕ್ಕೆಲ್ಲ ಅರ.

ಹಾಗಾಗಿ ಈ ತಿಂಗಳು ಗ್ಯಾರೇಜಿನಲ್ಲಿ ನಡೆಯುತ್ತಿರುವುದು ಬರೀ ಅರ ತಿಕ್ಕುವ ಕೆಲಸ. ಒಂದು ರೇಡಿಯಸ್ ಗೇಜ್ ತಗೊಂಡಿದ್ದೇನೆ, ವಿಸಿಟಿಂಗ್ ಕಾರ್ಡಿನಷ್ಟು ಅಗಲದ ತೆಳು ಪಟ್ಟಿಗಳ ಗೊಂಚಲು. 2.5ರ ಪಟ್ಟಿ ಅಂಚಿಗೆ ಒತ್ತಿ ಹಿಂದೆ ಟಾರ್ಚ್ ಹಿಡಿದರೆ ಬೆಳಕು ಕಾಣಬಾರದು. ಮಾವ ಐಟಿಐನಲ್ಲಿ ಫಿಟ್ಟರ್ ಕಲಿಯುವಾಗ ಮೊದಲ ದಿನಗಳೆಲ್ಲ ಒಂದು ಕಬ್ಬಿಣದ ತುಂಡನ್ನು ಅರ ಹಾಕಿ ಚಚ್ಚೌಕ ಮಾಡುವುದರಲ್ಲೇ ಕಳೆದವಂತೆ. ನನ್ನ ತಿಕ್ಕಾಟ ವಿಡಿಯೋದಲ್ಲಿ ನೋಡಿ "ಎಳೀಬೇಡ, ತಳ್ಳು. ಹಲ್ಲು ಕಚ್ಚೋದು ಮುಂದಕ್ಕೆ ಹೋಗುವಾಗ ಮಾತ್ರ. ವಾಪಸ್ ಬರುವಾಗ ಎತ್ಕೊಂಡ್ ಬಾ" ಅಂದರು. ಕನ್ನಡಿಯ ಬ್ರಾಕೆಟ್ ಆಯಿತು, ಹಿಂದಿನ ದೀಪದ ತಗಡು ಬಾಕಿ ಇದೆ. ಅಲ್ಯೂಮಿನಿಯಂ ತಿಕ್ಕುವವರು ಅದಕ್ಕೇ ಅಂತ ಬೇರೆ ಅರ ಇಟ್ಟುಕೊಳ್ಳಿ. ಅದರ ಪುಡಿ ಹಲ್ಲಿನ ಸಂದಿಗೆ ಮೆತ್ತಿಕೊಂಡು ಅರ ಜಾರೋಕೆ ಶುರುಮಾಡುತ್ತದೆ, ತಗಡಿನ ಮೇಲೆ ಗೀರು ಬೀಳುತ್ತದೆ. ತಿಕ್ಕುವ ಮುಂಚೆ ಅರದ ಮೇಲೆ ಸೀಮೆಸುಣ್ಣ ಉಜ್ಜಿಕೊಂಡರೆ ಮೆತ್ತುವುದು ಕಡಿಮೆ. ಆಗಾಗ ವೈರ್ ಬ್ರಷ್ಷಿನಲ್ಲಿ ಹಲ್ಲಿನ ಸಾಲು ಹಿಡಿದು ಕೆರೆದುಬಿಡಿ.